ಉದ್ಯಮಬಾಗದ ಶೆಡ್‌ನಿಂದ ದೊಡ್ಡ ಕಂಪನಿಗೆ

ಬೆಳಗಾವಿಯಲ್ಲಿ ಮಷಿನ್ ಕೆಲಸ ಕಲಿಯಬೇಕು ಅಂದರೆ ಉದ್ಯಮಬಾಗಕ್ಕೆ ಹೋಗಬೇಕು. ಫೌಂಡ್ರಿ, ಹೈಡ್ರಾಲಿಕ್ಸ್, ಜಾಬ್ ವರ್ಕ್ ಮಾಡುವ ಸಣ್ಣ ಶೆಡ್‌ಗಳು ಅಲ್ಲಿ ಸಾಲಾಗಿವೆ. ಡಿಪ್ಲೊಮಾ ಮುಗಿಸಿ ನಾನೂ ಅಂಥದ್ದೇ ಶೆಡ್‌ನಲ್ಲಿ ಕೈ ಕುದುರಿಸಿಕೊಂಡೆ. ಆಮೇಲೆ ಗಾಡಿಗಳಿಗೆ ಅಲ್ಯೂಮಿನಿಯಂ ಹೌಸಿಂಗ್ (ಒಳಗಿನ ಭಾಗಗಳನ್ನು ಹಿಡಿದಿಡುವ ಹೊರಕವಚ) ಮಾಡುವ ದೊಡ್ಡ ಕಂಪನಿಯೊಂದರ ಕ್ವಾಲಿಟಿ ವಿಭಾಗ ಸೇರಿದೆ. ಹೆಸರು ಬೇಡ. ಇದೇ ದಾರಿ ಹಿಡಿಯುವ ಹುಡುಗರು ತುಂಬಾ ಜನ ಇದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಕಾಡುವುದು ತಡ. ಶೆಡ್‌ನಲ್ಲಿ ಹಿರಿಯ ಟರ್ನರ್ ಕಾಕಾ ಬೋರ್‌ಗೆ, ಅಂದರೆ ಪೀಸ್‌ನ ದುಂಡನೆಯ ತೂತಿಗೆ, ಗೇಜ್ ಹಾಕಿ ನೋಡಿ, "ಬರೊಬ್ಬರಿ ಐತಿ, ಕಳಸು" ಅಂದರೆ ಮುಗಿಯಿತು. ಅನುಮಾನ ಇದ್ದರೆ ಮಾಲಕರು ಅಲ್ಲೇ ನಿಂತು ತೀರ್ಮಾನಿಸುತ್ತಿದ್ದರು. ಕಂಪನಿಯಲ್ಲಿ ಬೋರ್ ಸ್ವಲ್ಪ ದೊಡ್ಡದಾದರೆ ಪೀಸ್‌ಗೆ ಕೆಂಪು ಟ್ಯಾಗ್ ಬೀಳುತ್ತದೆ. ಆಮೇಲೆ ಡಿವಿಯೇಶನ್ ಫಾರ್ಮ್, ಅಂದರೆ ಅಳತೆ ತಪ್ಪಿದ ಪೀಸ್ ಬಳಸಲು ಅನುಮತಿ ಕೇಳುವ ಅರ್ಜಿ. ಕ್ವಾಲಿಟಿ, ಪ್ರೊಡಕ್ಷನ್, ಡಿಸೈನ್ ಎಲ್ಲರ ಸಹಿ ಆಗಬೇಕು. ಅದಾದ ಮೇಲೆ ಗಿರಾಕಿಯ ಒಪ್ಪಿಗೆ. ಪೀಸ್ ನಡೆಯುತ್ತದೆ ಅಂತ ಕಣ್ಣಿಗೆ ಕಾಣುತ್ತಿದ್ದರೂ ಕಾಯಬೇಕು. ಸಿಟ್ಟು ಬರುತ್ತದೆ.

ಆ ಸಿಟ್ಟು ಇಳಿದದ್ದು ಅಳತೆ ರೂಮಿನಲ್ಲಿ. ಅಲ್ಲಿ ವರ್ಷವಿಡೀ 20 ಡಿಗ್ರಿ ಇಡುತ್ತಾರೆ. ಡ್ರಾಯಿಂಗ್‌ನಲ್ಲಿ ಬರೆದ ಅಳತೆ ಆ ಉಷ್ಣತೆಗೇ ಅನ್ನುವುದು ಅಂತರರಾಷ್ಟ್ರೀಯ ನಿಯಮ. ಅಲ್ಯೂಮಿನಿಯಂ ಒಂದು ಮೀಟರ್‌ಗೆ, ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಹಿಗ್ಗುತ್ತದೆ. ಬೇಸಿಗೆಯಲ್ಲಿ 35 ಡಿಗ್ರಿ ಇರುವ ಶಾಪ್‌ನಿಂದ ಹೌಸಿಂಗ್ ತಂದರೆ ಅದರ 100 ಮಿ.ಮೀ. ಬೋರ್ 34 ಮೈಕ್ರಾನ್‌ನಷ್ಟು ದೊಡ್ಡದಾಗಿರುತ್ತದೆ. ಆ ಬೋರ್‌ಗೆ ಡ್ರಾಯಿಂಗ್‌ನಲ್ಲಿ ಎಚ್7 ಅನ್ನುವ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚಾಗಬಹುದು ಅನ್ನುವ ಮಿತಿ) ಕೊಟ್ಟಿದ್ದರೆ ಒಟ್ಟು ಸಿಗುವ ಅವಕಾಶವೇ 35 ಮೈಕ್ರಾನ್! ಅಂದರೆ ಬಿಸಿಲೇ ಎಲ್ಲವನ್ನೂ ತಿಂದುಬಿಟ್ಟಿರುತ್ತದೆ. ಹಾಗಾಗಿ ಪೀಸ್ ತಣಿಯುವ ತನಕ ಅಳೆಯುವಂತಿಲ್ಲ. ಶೆಡ್‌ನಲ್ಲಿ ನಾವು ಹೆಚ್ಚಾಗಿ ಬೀಡಿನ (ಎರಕದ ಕಬ್ಬಿಣದ) ಪೀಸ್ ಮಾಡುತ್ತಿದ್ದೆವು. ಬೀಡು ಹಿಗ್ಗುವುದು ಅಲ್ಯೂಮಿನಿಯಂನ ಅರ್ಧಕ್ಕಿಂತ ಕಡಿಮೆ. ಕಾಕಾನ ಕೈಯ ಲೆಕ್ಕ ಅಲ್ಲಿಗೆ ಸರಿ ಇತ್ತು, ಇಲ್ಲಿಗೆ ಸಾಲುವುದಿಲ್ಲ.

ಕಾಗದಕ್ಕೂ ಇಂಥದ್ದೇ ಕಾರಣ ಇದೆ. ಹೊಸ ಭಾಗ ಶುರು ಮಾಡುವ ಮುಂಚೆ ಗಿರಾಕಿಯ ಒಪ್ಪಿಗೆಗಾಗಿ ಕೊಡುವ ಪಿಪಿಎಪಿ (ಪ್ರೊಡಕ್ಷನ್ ಪಾರ್ಟ್ ಅಪ್ರೂವಲ್ ಪ್ರೋಸೆಸ್) ಕಡತದಲ್ಲಿ 18 ಅಂಶಗಳಿವೆ. ಹೌಸಿಂಗ್ ಮೇಲೆ ಒತ್ತಿದ ಹೀಟ್ ನಂಬರ್‌ನಿಂದ ಅದು ಯಾವ ಕರಗಿನ ಲೋಹ ಅಂತ ಹುಡುಕಬಹುದು. ಮುಂದೆ ಎಂದಾದರೂ ದೂರು ಬಂದರೆ ಎಲ್ಲ ಗಾಡಿಗಳನ್ನೂ ವಾಪಸ್ ಕರೆಯಬೇಕಿಲ್ಲ, ಆ ಕರಗಿನವು ಸಾಕು. ಆ ಗಾಡಿಯಲ್ಲಿ ಓಡಾಡುವವರು ನಮ್ಮ ಮನೆಯವರೂ ಆಗಿರಬಹುದು ಅಲ್ವಾ?

ಇಷ್ಟಾದರೂ ಕಾಗದ ತಾನಾಗಿ ಓಡುವುದಿಲ್ಲ. ಎಲ್ಲೋ ಒಬ್ಬರ ಟೇಬಲ್ ಮೇಲೆ ನಿಂತಿರುತ್ತದೆ. ಸುಮ್ನೆ ರಿಮೈಂಡರ್ ಮೇಲ್ ಹಾಕುವುದನ್ನು ಬಿಟ್ಟು ನಾನು ಅವರ ಹತ್ತಿರವೇ ಹೋಗಲು ಶುರು ಮಾಡಿದೆ. "ಸಹಿ ಮಾಡಿ ಸರ್" ಅನ್ನುವುದಿಲ್ಲ. "ಸಹಿ ಮಾಡಲು ನಿಮಗೆ ಇನ್ನೇನು ಬೇಕು?" ಅಂತ ಕೇಳುತ್ತೇನೆ. ಹೆಚ್ಚಿನ ಸಲ ಒಂದು ರೀಡಿಂಗ್ ಅಥವಾ ಒಂದು ಫೋಟೊ ಬೇಕಿರುತ್ತದೆ. ಅದನ್ನು ಕೊಟ್ಟು, ಮಾತಾಡಿದ್ದನ್ನು ಅದೇ ದಿನ ಮೇಲ್‌ನಲ್ಲಿ ಬರೆಯುತ್ತೇನೆ. ಏನು ತೀರ್ಮಾನ ಬೇಕು, ಯಾವ ತಾರೀಖಿನೊಳಗೆ ಬೇಕು ಅನ್ನುವುದು ಮೊದಲ ಸಾಲಿನಲ್ಲೇ ಇರುತ್ತದೆ.

ಪಗಾರದ ಚೀಟಿ ಓದುವುದನ್ನೂ ಕಲಿಯಿರಿ. ಶೆಡ್‌ನಲ್ಲಿ 20 ಜನ ಇಲ್ಲದ್ದರಿಂದ ಪಿಎಫ್ ಕಾಯ್ದೆ ನಮಗೆ ತಾಗುತ್ತಿರಲಿಲ್ಲ. ಇಲ್ಲಿ ಬೇಸಿಕ್ ಮತ್ತು ಡಿಎ ಮೇಲೆ ಶೇ. 12 ಕಟಿಂಗ್ ಆಗುತ್ತದೆ, ಕಂಪನಿಯೂ ಅಷ್ಟೇ ಹಾಕುತ್ತದೆ. ಕೈಗೆ ಬರುವುದು ಕಡಿಮೆ ಕಂಡರೂ ಅದು ನಿಮ್ಮದೇ ದುಡ್ಡು.

ನನಗೆ ಈಗಲೂ ಒಪ್ಪಿಗೆಯಾಗದ್ದು ವರ್ಷದ ರೇಟಿಂಗ್. ಇಷ್ಟೇ ಜನರಿಗೆ ಮೇಲಿನ ರೇಟಿಂಗ್ ಅಂತ ಮೊದಲೇ ಗೆರೆ ಎಳೆದಿರುತ್ತಾರೆ. ಚೆನ್ನಾಗಿ ದುಡಿದ ಇಬ್ಬರಲ್ಲಿ ಒಬ್ಬನನ್ನು ಕೆಳಗಿಡಲೇಬೇಕು. ಇದು ಅನ್ಯಾಯ. ಇದರಿಂದ ಪಕ್ಕದವನಿಗೆ ಕೆಲಸ ಹೇಳಿಕೊಡುವ ಮನಸ್ಸೂ ಸಾಯುತ್ತದೆ. ಅದಕ್ಕೇ ಮಾಡಿದ ಕೆಲಸವನ್ನು ತಿಂಗಳು ತಿಂಗಳು ಬರೆದಿಟ್ಟುಕೊಳ್ಳುತ್ತೇನೆ, ಯಾರು ಜೊತೆಗಿದ್ದರು ಅನ್ನುವುದನ್ನೂ ಸೇರಿಸಿ.

ಶೆಡ್‌ನಲ್ಲಿ ಕಲಿತದ್ದು ಮಾತ್ರ ವ್ಯರ್ಥವಾಗಲಿಲ್ಲ. ಟೂಲ್ ಸವೆದಾಗ ಬರುವ ಸದ್ದು ನನಗೆ ಗೊತ್ತಿತ್ತು. ಲೈನ್‌ನ ಒಬ್ಬ ಹಿರಿಯ ಆಪರೇಟರ್ ಮಾಮಾನಿಗೂ ಗೊತ್ತಿತ್ತು. ಅವರು ಮರಾಠಿಯಲ್ಲಿ ಹೇಳಿದರು, ನಾನು ಇಂಗ್ಲಿಷ್‌ನಲ್ಲಿ ಬರೆದೆ, ಇಬ್ಬರೂ ಸೇರಿ ಯಾವ ಪೀಸ್‌ನಿಂದ ಅಳತೆ ಜಾರುತ್ತದೆ ಅಂತ ಅಳೆದು ತೋರಿಸಿದೆವು. ಲೈನ್‌ನಲ್ಲಿ ಏನನ್ನು ಯಾವಾಗ ನೋಡಬೇಕು ಅಂತ ಬರೆದಿಡುವ ಕಂಟ್ರೋಲ್ ಪ್ಲಾನ್ ಬದಲಾಯಿತು. ಈಗ ಮೂರೂ ಶಿಫ್ಟ್‌ನಲ್ಲಿ ಸದ್ದು ಬರುವ ಮುಂಚೆಯೇ ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಬದಲಿಸುತ್ತಾರೆ.