ದೋಣಿಮನೆಯ ಕಾಂಪೋಸ್ಟ್ ಟಾಯ್ಲೆಟ್: ನನ್ನ ಅನುಭವ

ಇಂಗ್ಲೆಂಡಿನ ಆಕ್ಸ್‌ಫರ್ಡ್ ಕಾಲುವೆಯ ಮೇಲೆ ನಮ್ಮ ಮನೆ. ಮನೆ ಅಂದರೆ ಒಂದು ನ್ಯಾರೋಬೋಟ್. ಉದ್ದ 57 ಅಡಿ, ಅಗಲ 6 ಅಡಿ 10 ಇಂಚು. ದೋಣಿಯನ್ನು ಏರಿಸಿ ಇಳಿಸಲು ಕಾಲುವೆಯಲ್ಲಿ ಕಟ್ಟಿರುವ ಗೇಟಿನ ತೊಟ್ಟಿಗಳು, ಅಂದರೆ ಇಲ್ಲಿನ ಹಳೇ ಲಾಕ್‌ಗಳೇ ಏಳಡಿ ಅಗಲ, ಅದರೊಳಗೆ ತೂರಬೇಕಲ್ವಾ, ಅದಕ್ಕೇ ಈ ಅಳತೆ. ನಮಗೆ ಖಾಯಂ ಲಂಗರು ಜಾಗ ಇಲ್ಲ. ಒಂದು ಕಡೆ ಹೆಚ್ಚೆಂದರೆ 14 ದಿನ, ಆಮೇಲೆ ಮುಂದಕ್ಕೆ ಹೋಗಬೇಕು. ಹೀಗೆ ಬದುಕುವವರಿಗೆ ನೀರು, ಕರೆಂಟು, ಸೌದೆ ಎಲ್ಲದರ ಲೆಕ್ಕವೂ ಬೇಕು. ಆದರೆ ಎಲ್ಲಕ್ಕಿಂತ ದೊಡ್ಡ ಲೆಕ್ಕ ಕಕ್ಕಸಿನದು.

2019ರಲ್ಲಿ ದೋಣಿ ಕೊಂಡಾಗ ಅದರಲ್ಲಿ ಕ್ಯಾಸೆಟ್ ಟಾಯ್ಲೆಟ್ ಇತ್ತು. ಕೆಳಗೆ ಸುಮಾರು 20 ಲೀಟರಿನ ಡಬ್ಬಿ, ಅದಕ್ಕೆ ನೀಲಿ ಕೆಮಿಕಲ್. ನಾವಿಬ್ಬರೂ ಬಳಸಿದರೆ ಮೂರು ದಿನಕ್ಕೆ ತುಂಬುತ್ತಿತ್ತು. ತುಂಬಿದ್ದನ್ನು ಎಲ್ಸಾನ್ ಪಾಯಿಂಟಿಗೆ ಒಯ್ದು ಸುರಿಯಬೇಕು. ಕಾಲುವೆ ದಡದಲ್ಲಿ ಅಲ್ಲಲ್ಲಿ ಇರುವ, ಟಾಯ್ಲೆಟ್ ಡಬ್ಬಿ ಖಾಲಿ ಮಾಡುವ ಜಾಗಕ್ಕೆ ಇಲ್ಲಿ ಹಾಗನ್ನುತ್ತಾರೆ. 2021ರ ಫೆಬ್ರವರಿಯಲ್ಲಿ ಕಾಲುವೆ ಹೆಪ್ಪುಗಟ್ಟಿತು. ಐಸ್ ಒಡೆದುಕೊಂಡು ದೋಣಿ ಓಡಿಸಿದರೆ ನಮ್ಮ ದೋಣಿಯ ಬಣ್ಣವೂ ಹೋಗುತ್ತದೆ, ದಡದಲ್ಲಿ ಕಟ್ಟಿರುವ ಬೇರೆಯವರ ದೋಣಿಗೂ ಐಸ್ ಹಲಗೆಗಳು ಬಡಿಯುತ್ತವೆ. ಹಾಗಾಗಿ ಎಲ್ಲರೂ ಕದಲದೆ ನಿಂತೆವು. ಹತ್ತಿರದ ಎಲ್ಸಾನ್ ಪಾಯಿಂಟ್ ಮೂರು ಮೈಲಿ ದೂರ. ತುಂಬಿದ ಡಬ್ಬಿಯನ್ನು ಕೈಗಾಡಿಯಲ್ಲಿಟ್ಟು, ಜಾರುವ ದಾರಿಯಲ್ಲಿ ಎಳೆದುಕೊಂಡು ಹೋದೆವು. ಎರಡನೇ ಸಲ ಹೋಗಿ ಬಂದ ಸಂಜೆಯೇ ಇದನ್ನು ತೆಗೆಸೋದು ಅಂತ ತೀರ್ಮಾನ ಆಯಿತು. ಆ ವಸಂತದಲ್ಲಿ ಸುಮಾರು 900 ಪೌಂಡ್ ಕೊಟ್ಟು ಒಣ ಟಾಯ್ಲೆಟ್ ಹಾಕಿಸಿದೆವು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಇದನ್ನು ಕಾಂಪೋಸ್ಟ್ ಟಾಯ್ಲೆಟ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಆದರೆ ದೋಣಿಯೊಳಗೆ ಗೊಬ್ಬರ ಆಗುವುದಿಲ್ಲ. ದೋಣಿಯಲ್ಲಿ ನಡೆಯುವುದು ಬೇರ್ಪಡಿಸುವ ಕೆಲಸ ಮಾತ್ರ. ಮೂತ್ರ ಮುಂದಿನ ಬಾಟಲಿಗೆ, ಮಲ ಹಿಂದಿನ ತೊಟ್ಟಿಗೆ. ಗೊಬ್ಬರ ಆಗುವುದು ಆಮೇಲೆ, ಬೇರೆ ಕಡೆ, ವರ್ಷಗಟ್ಟಲೆ ಕಾದ ಮೇಲೆ. ಕೊಳ್ಳುವಾಗ ಇದನ್ನು ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ಇದು ಗೊತ್ತಿಲ್ಲದೆ ಹಾಕಿಸಿದವರು ಆರು ತಿಂಗಳಲ್ಲಿ ಬೇಸತ್ತು ಕಿತ್ತು ಹಾಕಿದ್ದನ್ನೂ ನೋಡಿದ್ದೇನೆ.

ಬೇರ್ಪಡಿಸಿದರೆ ವಾಸನೆ ಯಾಕೆ ಬರುವುದಿಲ್ಲ? ಮೂತ್ರದಲ್ಲಿ ಯೂರಿಯಾ ಇರುತ್ತದೆ. ಮಲದ ಬ್ಯಾಕ್ಟೀರಿಯಾ ಅದಕ್ಕೆ ಸೇರಿದರೆ ಅಮೋನಿಯ ಆಗುತ್ತದೆ. ಒದ್ದೆಯಾಗಿ ಗಾಳಿ ಆಡದಿದ್ದರೆ ಚರಂಡಿಯ ನಾತವೂ ಸೇರಿಕೊಳ್ಳುತ್ತದೆ. ಎರಡನ್ನೂ ದೂರ ಇಟ್ಟು, ಮಲದ ಕಡೆ ಒಣಗಿದ್ದರೆ ಹಸಿ ಮಣ್ಣಿನಂಥ ವಾಸನೆ ಬಿಟ್ಟು ಬೇರೇನೂ ಇರುವುದಿಲ್ಲ. ತೊಟ್ಟಿಯಿಂದ ಹೊರಗೆ ಒಂದು ಪೈಪು, ಅದರಲ್ಲಿ ಕಂಪ್ಯೂಟರಿನಲ್ಲಿ ಇರುವಂಥ 12 ವೋಲ್ಟಿನ ಸಣ್ಣ ಫ್ಯಾನು. ಅದು ಹಗಲು ರಾತ್ರಿ ತಿರುಗುತ್ತಲೇ ಇರಬೇಕು. ದಿನಕ್ಕೆ ಎರಡೂವರೆ ಆಂಪಿಯರ್-ಅವರ್ ತಿನ್ನುತ್ತದೆ, ಅಷ್ಟೇ. ಒಂದು ಡಿಸೆಂಬರಿನಲ್ಲಿ ಸೋಲಾರ್ ಸಾಲದೆ ಬ್ಯಾಟರಿ ಇಳಿದಾಗ ಎರಡು ರಾತ್ರಿ ಫ್ಯಾನ್ ಆರಿಸಿದ್ದೆ. ಮೂರನೇ ಬೆಳಿಗ್ಗೆ ಮುಚ್ಚಳದ ಒಳಗೆಲ್ಲ ನೀರಿನ ಹನಿ, ದೋಣಿ ತುಂಬ ನಾತ. ಈಗ ಏನು ಆರಿಸಿದರೂ ಅದೊಂದನ್ನು ಆರಿಸುವುದಿಲ್ಲ.

ತೊಟ್ಟಿಗೆ ಹಾಕಲು ತೆಂಗಿನ ನಾರಿನ ಪುಡಿ ಬೇಕು. ಇಲ್ಲಿ ಗಾರ್ಡನ್ ಅಂಗಡಿಯಲ್ಲಿ 650 ಗ್ರಾಮಿನ ಇಟ್ಟಿಗೆ ಮಾಡಿ ಮಾರುತ್ತಾರೆ. ಮೊದಲ ಇಟ್ಟಿಗೆ ಬಿಚ್ಚಿದಾಗ ಕಾಗದದ ಮೇಲೆ ‘ಪ್ರಾಡಕ್ಟ್ ಆಫ್ ಇಂಡಿಯಾ’ ಅಂತ ಇತ್ತು. ನನ್ನೂರು ತಿಪಟೂರು. ನಾರಿನ ಕಾರ್ಖಾನೆಗಳ ಪಕ್ಕ ಈ ಪುಡಿ ಗುಡ್ಡದಂತೆ ಬಿದ್ದಿರುವುದನ್ನು ನೋಡುತ್ತಲೇ ಬೆಳೆದವಳು. ಅದೇ ಪುಡಿ ಇಲ್ಲಿ ಕೈಗೆ ಬಂದಾಗ ಒಂದು ಕ್ಷಣ ಸುಮ್ನೆ ಕೂತುಬಿಟ್ಟೆ.

ಇಟ್ಟಿಗೆಯನ್ನು ಬಕೆಟ್ಟಿನಲ್ಲಿಟ್ಟು ಕುದಿಯುವ ನೀರು ಹಾಕುತ್ತೇನೆ. ತಣ್ಣೀರು ಬೇಡ, ಕಾರಣ ಮುಂದೆ ಹೇಳುತ್ತೇನೆ. ಎಷ್ಟು ನೀರು ಅನ್ನುವುದೇ ಇಲ್ಲಿನ ಗುಟ್ಟು. ಪೊಟ್ಟಣದ ಮೇಲೆ ಬರೆದಷ್ಟು ಹಾಕಿದರೆ ಗಿಡಕ್ಕೆ ಸರಿ, ಟಾಯ್ಲೆಟ್ಟಿಗೆ ತುಂಬಾ ಜಾಸ್ತಿ. ನಾನು ಅದರ ಅರ್ಧಕ್ಕೂ ಕಡಿಮೆ ಹಾಕಿ, ಮುಚ್ಚಿಟ್ಟು, ಆರಿದ ಮೇಲೆ ಕೈಯಲ್ಲಿ ಉದುರಿಸುತ್ತೇನೆ. ಒಂದು ಮುಷ್ಟಿ ಹಿಡಿದು ಒತ್ತಿದರೆ ತಂಬಿಟ್ಟಿನ ಉಂಡೆಯಂತೆ ನಿಲ್ಲಬೇಕು, ಬೆರಳಿನಿಂದ ಮುಟ್ಟಿದರೆ ಒಡೆದು ಉದುರಬೇಕು. ಅಂಗೈ ಒದ್ದೆ ಆಯಿತೋ, ಅದು ಇನ್ನೂ ಒಣಗಬೇಕು.

ಒಳಗೆ ಒಂದು ಕಲಕುವ ಕಂಬಿ ಇದೆ, ಹೊರಗೆ ಅದರ ಹಿಡಿ. ಪ್ರತಿ ಸಲ ಆದ ಮೇಲೆ ಎರಡು ಮೂರು ಸುತ್ತು. ಮೊದಲ ವಾರ ಹಿಡಿ ಸಲೀಸಾಗಿ ತಿರುಗುತ್ತದೆ, ಮೂರನೇ ವಾರದ ಹೊತ್ತಿಗೆ ಗಟ್ಟಿಯಾಗುತ್ತದೆ. ಗಟ್ಟಿಯಾದರೆ ತೊಟ್ಟಿ ತುಂಬಿತು ಅಂತ ಅರ್ಥ. ಬಲವಂತ ಮಾಡಬಾರದು, ಕಂಬಿ ಬಾಗುತ್ತದೆ.

ಮೂತ್ರದ ಬಾಟಲಿಯ ವಿಷಯದಲ್ಲಿ ಇಷ್ಟು ನಿಧಾನ ಇಲ್ಲ. ಒಬ್ಬ ಮನುಷ್ಯನದು ದಿನಕ್ಕೆ ಹೆಚ್ಚು ಕಡಿಮೆ ಒಂದೂವರೆ ಲೀಟರ್. ನಮ್ಮ ಬಾಟಲಿ ಎಂಟು ಲೀಟರಿನದು. ಇಬ್ಬರಿಗೆ ಎರಡೂವರೆ ದಿನ. ಮೂರನೇ ತಿಂಗಳಲ್ಲಿ ನೆಂಟರು ಬಂದಿದ್ದ ದಿನ ಲೆಕ್ಕ ತಪ್ಪಿತು. ರಾತ್ರಿ ಬಾಟಲಿ ತುಂಬಿ ತಳದೊಳಗೆ ಹರಿದಿತ್ತು. ಅದು ಮರದ ನೆಲದ ಸಂದಿಗೆ ಇಳಿದರೆ ವರ್ಷಗಟ್ಟಲೆ ಹೋಗುವುದಿಲ್ಲ. ಬೆಳಗಿನ ಜಾವ ಎರಡು ಗಂಟೆಗೆ ಟಾಯ್ಲೆಟ್ ಬಿಚ್ಚಿ ಇಬ್ಬರೂ ನೆಲ ಒರೆಸಿದೆವು. ಅಂದಿನಿಂದ ಎರಡು ಬಾಟಲಿ ಇಟ್ಟಿದ್ದೇವೆ. ತುಂಬಲಿ ಬಿಡಲಿ, ದಿನ ಬಿಟ್ಟು ದಿನ ಬದಲಾಯಿಸುತ್ತೇವೆ. ಗಂಡಸರೂ ಕೂತೇ ಮಾಡಬೇಕು, ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತೇವೆ.

ಮೂತ್ರವನ್ನು ಎಲ್ಸಾನ್ ಪಾಯಿಂಟಿನಲ್ಲೇ ಸುರಿಯುತ್ತೇವೆ. ಕಾಲುವೆಗೆ ಖಂಡಿತ ಹಾಕಬಾರದು. ಅದರಲ್ಲಿರುವ ಸಾರಜನಕ, ರಂಜಕ ನೀರಿನ ಪಾಚಿಗೆ ಗೊಬ್ಬರ. ಕಾಲುವೆಯ ನೀರು ಹೆಚ್ಚು ಹರಿಯುವುದೂ ಇಲ್ಲ, ಹಾಕಿದ್ದು ಅಲ್ಲೇ ಇರುತ್ತದೆ. ಬಾಟಲಿಯ ಒಳಗೆ ಸುಣ್ಣದಂಥ ಗಟ್ಟಿ ಪದರ ಕಟ್ಟುತ್ತದೆ, ಆಮೇಲೆ ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ವಾರಕ್ಕೊಮ್ಮೆ ಬಿಸಿನೀರಿಗೆ ಎರಡು ಚಮಚ ಸಿಟ್ರಿಕ್ ಆಸಿಡ್ ಹಾಕಿ ರಾತ್ರಿ ಬಿಟ್ಟರೆ ಪೂರ್ತಿ ಕರಗುತ್ತದೆ. ಬೋಗುಣಿ ಭಾಗಕ್ಕೆ ನೀರು ಬೆರೆಸಿದ ವಿನೆಗರ್ ಸ್ಪ್ರೇ ಮಾಡಿ ಒರೆಸುತ್ತೇನೆ. ಬ್ಲೀಚು, ಫಿನಾಯಿಲು ಹತ್ತಿರ ತರುವುದಿಲ್ಲ.

ಎರಡನೇ ವರ್ಷದ ಜೂನಿನಲ್ಲಿ ನುಸಿ ಬಂತು. ಮುಚ್ಚಳ ತೆಗೆದರೆ ಕಪ್ಪು ಹೊಗೆಯಂತೆ ಏಳುತ್ತಿತ್ತು. ನಾರಿನ ಪುಡಿಯ ಚೀಲ ಮುಂದಿನ ಡೆಕ್ಕಿನಲ್ಲಿ ಬಾಯಿ ತೆರೆದು ಇಟ್ಟಿದ್ದೆ, ಅದರಲ್ಲೇ ಮೊಟ್ಟೆ ಇಟ್ಟಿದ್ದವು. ಕುದಿಯುವ ನೀರು ಹಾಕಲು ಶುರು ಮಾಡಿದ್ದು ಆಮೇಲೆ. ತೊಟ್ಟಿ ಪೂರ್ತಿ ಖಾಲಿ ಮಾಡಿ, ಉಜ್ಜಿ, ಬಿಸಿಲಿಗಿಟ್ಟೆವು. ಫ್ಯಾನಿನ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿದೆವು. ಹಳದಿ ಅಂಟು ಕಾಗದ ತೂಗುಹಾಕಿದೆವು. ಮೂರು ವಾರ ಬೇಕಾಯಿತು, ಆದರೆ ಪೂರ್ತಿ ಹೋಯಿತು.

ಇನ್ನು ನಮ್ಮವರಿಗೆಲ್ಲ ಮೊದಲು ಏಳುವ ಪ್ರಶ್ನೆ. ನೀರು? ಒಣ ಟಾಯ್ಲೆಟ್ಟಿಗೆ ನೀರೇ ಶತ್ರು. ನಮಗೋ ನೀರಿಲ್ಲದೆ ಆಗುವುದಿಲ್ಲ. ಮೊದಲ ವರ್ಷ ಒದ್ದೆ ಮಾಡಿದ ಟಿಶ್ಯೂ ಬಳಸಿ ಹೇಗೋ ಕಳೆದೆವು, ಮನಸ್ಸಿಗೆ ಸಮಾಧಾನ ಇರಲಿಲ್ಲ. ಶವರಿನಲ್ಲಿ ತೊಳೆಯೋಣ ಅಂದರೆ ಆ ನೀರು ನೇರ ಕಾಲುವೆಗೆ ಹೋಗುತ್ತದೆ. ಅದು ತಪ್ಪು.

2022ರಲ್ಲಿ ಅಮ್ಮ ಬಂದರು. ಮೂರು ತಿಂಗಳು ಇದ್ದರು. ಟಾಯ್ಲೆಟ್ಟನ್ನು ಒಂದು ದಿನ ನೋಡಿದರು. ಮಾರನೇ ದಿನ ಅಡುಗೆಮನೆಯಿಂದ ಒಂದು ಅಗಲ ಬಾಯಿಯ ಸ್ಟೀಲ್ ಬೇಸಿನ್ ಎತ್ತಿಕೊಂಡರು. ಮಲದ ತೊಟ್ಟಿಗೆ ಒಂದು ಮುಚ್ಚುವ ಹಲಗೆ ಇದೆಯಲ್ಲ, ಅದನ್ನು ಮುಚ್ಚಿ, ಮೇಲೆ ಬೇಸಿನ್ ಇಟ್ಟು, ಅರ್ಧ ತಂಬಿಗೆ ನೀರಿನಲ್ಲಿ ಕೆಲಸ ಮುಗಿಸಿದರು. ಬೇಸಿನ್ನಿನ ನೀರು ಬಿಗಿ ಮುಚ್ಚಳದ ಐದು ಲೀಟರ್ ಕ್ಯಾನಿಗೆ. ಕ್ಯಾನು ಎಲ್ಸಾನಿಗೆ. ‘ಇಷ್ಟಕ್ಕೆ ಒಂದು ವರ್ಷ ಒದ್ದಾಡಿದ್ರಾ?’ ಅಂದರು. ಆ ಬೇಸಿನ್ ಈಗ ಅಲ್ಲೇ ಮೊಳೆಗೆ ನೇತಾಡುತ್ತದೆ. ಆಮೇಲೆ ತಿಳಿಯಿತು, ನಮ್ಮ ಕಡೆಯ ಇಕೋಸಾನ್, ಅಂದರೆ ಮಲ ಮೂತ್ರ ಬೇರ್ಪಡಿಸಿ ಗೊಬ್ಬರ ಮಾಡುವ ಶೌಚಾಲಯಗಳಲ್ಲೂ ಇದೇ ಉಪಾಯ ಇದೆ. ತಮಿಳುನಾಡಿನ ಮುಸಿರಿಯಲ್ಲಿ ಕಟ್ಟಿದವುಗಳಲ್ಲಿ ಮಲಕ್ಕೆ, ಮೂತ್ರಕ್ಕೆ, ತೊಳೆಯುವ ನೀರಿಗೆ ಬೇರೆ ಬೇರೆ ಜಾಗ. ಬೆಂಗಳೂರಿನಲ್ಲಿ ನೀರಿನ ತಜ್ಞ ಎಸ್. ವಿಶ್ವನಾಥ್ ತಮ್ಮ ಮನೆಯ ತಾರಸಿ ಮೇಲೇ ಇಕೋಸಾನ್ ಇಟ್ಟುಕೊಂಡಿದ್ದಾರೆ. ಪಾಶ್ಚಾತ್ಯ ದೋಣಿಗಳಿಗೆ ಮಾಡಿದ ಟಾಯ್ಲೆಟ್ಟಿನಲ್ಲಿ ಆ ಮೂರನೇ ಜಾಗ ಇಲ್ಲ, ನಾವೇ ಮಾಡಿಕೊಳ್ಳಬೇಕು.

ಅಪ್ಪನಿಗೆ ಮಾತ್ರ ಇದು ಸರಿಬರಲಿಲ್ಲ. ಫೋನಿನಲ್ಲಿ ಕೇಳಿದ್ದರು, ‘ಮಲ ಹೊರೋದಕ್ಕೆ ಅಷ್ಟು ದೂರ ಹೋದೆಯಾ?’ ಆ ಮಾತು ಬಹಳ ದಿನ ಕಾಡಿತು. ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ನಿಲ್ಲಿಸಲು ಹೊರಟವರು ದೇವರಾಜ ಅರಸರ ಮಂತ್ರಿ ಬಿ. ಬಸವಲಿಂಗಪ್ಪ. 2010ರಲ್ಲೂ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಆ ನೋವಿಗೂ ನಮ್ಮ ದೋಣಿಗೂ ಹೋಲಿಕೆಯೇ ಇಲ್ಲ. ನಾನು ಎತ್ತುವುದು ನನ್ನ ಮನೆಯದನ್ನು, ನನ್ನ ಇಷ್ಟದಿಂದ. ಅಲ್ಲಿ ಇನ್ನೊಬ್ಬರಿಂದ ಎತ್ತಿಸಿದರು. ಅಪ್ಪನಿಗೆ ಹೀಗೇ ಹೇಳಿದೆ. ನನ್ನದನ್ನು ನಾನೇ ಕೊನೆಯವರೆಗೆ ನೋಡಿಕೊಳ್ಳಬೇಕು ಅನ್ನುವುದು ನನಗೆ ಗಟ್ಟಿಯಾದದ್ದು ಆಗಲೇ.

‘ಕೊನೆಯವರೆಗೆ’ ಅನ್ನುವುದು ಇಲ್ಲಿ ಬರೀ ಮಾತಲ್ಲ. ಮೊದಮೊದಲು ತೊಟ್ಟಿಯದನ್ನು ಎರಡು ಚೀಲದಲ್ಲಿ ಕಟ್ಟಿ ಕಾಲುವೆ ದಡದ ಕಸದ ತೊಟ್ಟಿಗೆ ಹಾಕಬಹುದಿತ್ತು. ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ 2021ರ ಕೊನೆಗೆ ಅದನ್ನು ನಿಲ್ಲಿಸಿತು. ಬಹಳ ದೋಣಿಯವರಿಗೆ ಕೋಪ ಬಂತು. ನನಗೆ ಆ ನಿಯಮ ಸರಿ ಅನಿಸಿತು. ಆ ಚೀಲವನ್ನು ಎತ್ತುವವರೂ ಯಾರೋ ಒಬ್ಬರು ತಾನೆ?

ಈಗ ನಮ್ಮ ಹತ್ತಿರ 25 ಲೀಟರಿನ ನಾಲ್ಕು ಡ್ರಮ್ಮುಗಳಿವೆ. ಮುಚ್ಚಳಕ್ಕೆ ತೂತು, ತೂತಿಗೆ ಜಾಲರಿ. ತೊಟ್ಟಿ ತುಂಬಿದಾಗ ಡ್ರಮ್ಮಿಗೆ ಸುರಿದು, ಮೇಲೆ ಎರಡು ಹಿಡಿ ಒಣ ಪುಡಿ ಹಾಕಿ, ಮುಂದಿನ ಡೆಕ್ಕಿನಲ್ಲಿಡುತ್ತೇವೆ. ಕೈಗೆ ಗ್ಲೌಸ್, ಆಮೇಲೆ ಸೋಪು. ಮುಚ್ಚಳದ ಮೇಲೆ ತಾರೀಕು. ಚಳಿಗಾಲದಲ್ಲಿ ಒಳಗೆ ಏನೂ ನಡೆಯುವುದಿಲ್ಲ, ಹಾಕಿದ್ದು ಹಾಗೇ ಇರುತ್ತದೆ. ಬ್ಯಾನ್‌ಬರಿ ಹತ್ತಿರ ಸ್ನೇಹಿತರೊಬ್ಬರಿಗೆ ತೋಟದ ತುಂಡು ಇದೆ. ಆ ಕಡೆ ಹೋದಾಗಲೆಲ್ಲ ಅಲ್ಲಿನ ಮರದ ಪೆಟ್ಟಿಗೆಗೆ ಖಾಲಿ ಮಾಡುತ್ತೇವೆ. ಒಂದು ಪದರ ಇದು, ಒಂದು ಪದರ ಹುಲ್ಲು, ಒಂದು ಪದರ ತರಗೆಲೆ. ತಾತನ ತಿಪ್ಪೆ ನೋಡಿದವರಿಗೆ ಹೊಸದೇನಲ್ಲ. ಆದರೆ ತಿಪ್ಪೆಯಂತೆ ಒಂದೇ ವರ್ಷಕ್ಕೆ ತೆಗೆಯುವಂತಿಲ್ಲ. ಜಂತುಹುಳುವಿನ ಮೊಟ್ಟೆಗಳು ಬಹಳ ಕಾಲ ಬದುಕುತ್ತವೆ. ಇಲ್ಲಿನಂಥ ತಂಪು ಹವೆಯಲ್ಲಿ ಒಂದೂವರೆಯಿಂದ ಎರಡು ವರ್ಷ ಇಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪೆಟ್ಟಿಗೆ ತುಂಬಿದ ಮೇಲೆ ಹೊಸದು ಹಾಕುವುದಿಲ್ಲ, ಎರಡು ವರ್ಷ ಮುಟ್ಟುವುದಿಲ್ಲ. ಸೊಪ್ಪು ತರಕಾರಿಗೆ ಹಾಕುವುದೇ ಇಲ್ಲ.

2022ರಲ್ಲಿ ತುಂಬಿಸಿದ ಮೊದಲ ಪೆಟ್ಟಿಗೆಯನ್ನು 2024ರ ಅಕ್ಟೋಬರಿನಲ್ಲಿ ತೆರೆದೆವು. ಸಲಿಕೆ ಹಾಕಿದರೆ ಕಪ್ಪನೆಯ ಪುಡಿ ಮಣ್ಣು. ಎರೆಹುಳುಗಳು. ಅಲ್ಲಲ್ಲಿ ತೆಂಗಿನ ನಾರಿನ ಎಳೆ. ಟಿಶ್ಯೂ ಗುರುತೂ ಇಲ್ಲದಂತೆ ಕರಗಿತ್ತು. ಆದರೆ ನಡುವೆ ಒಂದು ಬಿಳಿ ಚೌಕ ಸಿಕ್ಕಿತು, ಮಡಿಕೆ ಸಮೇತ ಹಾಗೇ ಇತ್ತು. ಯಾರೋ ನೆಂಟರು ಹಾಕಿದ್ದ ವೆಟ್ ವೈಪ್. ಅದರಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ. ಅದನ್ನು ತೊಳೆದು, ಒಣಗಿಸಿ, ಒಂದು ಕವರಿನಲ್ಲಿ ಹಾಕಿ ಟಾಯ್ಲೆಟ್ಟಿನ ಬಾಗಿಲ ಹಿಂದೆ ಅಂಟಿಸಿದ್ದೇನೆ. ಬಂದವರು ಯಾರೂ ಆಮೇಲೆ ವೈಪ್ ಹಾಕಿಲ್ಲ. ಗೊಬ್ಬರ ಪ್ಲಮ್ ಗಿಡಗಳ ಬುಡಕ್ಕೆ ಹೋಯಿತು. ಎರಡನೇ ಪೆಟ್ಟಿಗೆಯ ಹಲಗೆ ಮೇಲೆ ‘2026 ಏಪ್ರಿಲ್’ ಅಂತ ಬರೆದಿಟ್ಟಿದ್ದೇವೆ.