ಮನೆಯ ನೆಟ್‌ವರ್ಕ್: ಕೈಕೊಡುವುದು ಕೇಬಲಿನ ತುದಿ

ದುಬಾರಿ ರೂಟರ್ ತಂದು ಟಿವಿಯ ಹಿಂದೆ ಬಚ್ಚಿಟ್ಟು, ‘ಒಳಕೋಣೆಗೆ ಸಿಗ್ನಲ್ಲೇ ಇಲ್ಲ’ ಎಂದು ಗೊಣಗುವವರನ್ನು ಕಂಡು ಕಂಡು ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

1. ಸಾಮಾನು: ಸಂಪರ್ಕ ಕೊಟ್ಟವರು ಇಟ್ಟುಹೋದ ಮೋಡೆಮ್, ಒಂದು ರೂಟರ್, ಕೇಬಲ್. ರೂಟರಿನ ಪೋರ್ಟ್‌ಗಳು, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಗಳು, ಸಾಲದಿದ್ದರೆ ಅವನ್ನು ಹೆಚ್ಚಿಸುವ ಪೆಟ್ಟಿಗೆಯಾದ ಗಿಗಾಬಿಟ್ ಸ್ವಿಚ್ ಕೊಳ್ಳಿ, ಐದು ಅಥವಾ ಎಂಟು ಪೋರ್ಟಿನದು. ಅದರಲ್ಲೊಂದು ಪೋರ್ಟ್ ರೂಟರಿಗೇ ಹೋಗುತ್ತದೆ ಎಂಬ ಲೆಕ್ಕವಿರಲಿ. ರೂಟರಿನ ವೈ-ಫೈ ಹಿಡಿದು ಮುಂದಕ್ಕೆ ದಾಟಿಸುವ, ಗೋಡೆಗೆ ಸಿಕ್ಕಿಸುವ ಅಗ್ಗದ ರಿಪೀಟರ್ ಮಾತ್ರ ಬೇಡ. ಕೇಳಿಸಿಕೊಳ್ಳುವುದಕ್ಕೂ ಮರಳಿ ಹೇಳುವುದಕ್ಕೂ ಅದಕ್ಕೆ ಒಂದೇ ಚಾನೆಲ್, ಹಾಗಾಗಿ ವೇಗ ಅರ್ಧಕ್ಕಿಳಿಯುತ್ತದೆ. ಒಳಕೋಣೆಗೆ ಕೇಬಲ್ ಎಳೆದು, ಅದರ ತುದಿಯಲ್ಲಿ ವೈ-ಫೈ ಹರಡುವ ಪೆಟ್ಟಿಗೆಯಾದ ಆಕ್ಸೆಸ್ ಪಾಯಿಂಟ್ ಹಾಕಿ.

2. ರೂಟರ್ ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ, ಕಬ್ಬಿಣದ ಬೀರುವಿನಿಂದ ದೂರವಿರಲಿ.

3. ಕೇಬಲ್: ಕ್ಯಾಟ್ 6 ದರ್ಜೆಯ ನೆಟ್‌ವರ್ಕ್ ಕೇಬಲ್ ತನ್ನಿ. ಒಳತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಪು ಹೋಗಿ ಬಿಳಿ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಹಿಂದಿರುಗಿಸಿ.

4. ಕೇಬಲಿನ ತುದಿಗೆ ಪ್ಲಗ್ ಹಾಕುವುದು: ಹೊರಸಿಪ್ಪೆಯನ್ನು ಎರಡು ಬೆರಳಗಲ ಸುಲಿಯಿರಿ. ಒಳಗೆ ಹುರಿಗೊಂಡ ನಾಲ್ಕು ಜೋಡಿ, ಎಂಟು ತಂತಿ. ಪ್ಲಗ್ಗಿನ ಕೊಕ್ಕೆ ಕೆಳಗೆ, ತಂತಿ ತೂರಿಸುವ ಬಾಯಿ ನಿಮ್ಮತ್ತ ಇರುವಂತೆ ಹಿಡಿದರೆ ಎಡದಿಂದ ಬಲಕ್ಕೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದು ಟಿ568ಬಿ ಎಂಬ ಬಣ್ಣಗಳ ಕ್ರಮ. ಎರಡೂ ತುದಿಗೆ ಇದೇ.

ಹಸಿರು ಜೋಡಿಯ ನಡುವೆ ನೀಲಿ ಬಂದು ಕೂತಿದೆಯಲ್ಲ, ಎಡವುವುದು ಅಲ್ಲೇ. ಅದೇನೋ ಅಚ್ಚಿನ ತಪ್ಪೆಂದುಕೊಂಡು ಬಣ್ಣಗಳನ್ನು ಜೋಡಿಜೋಡಿಯಾಗಿ ಒಪ್ಪವಾಗಿ ಕೂರಿಸಿಬಿಡುತ್ತಾರೆ. ಕೇಬಲ್ ಪರೀಕ್ಷಿಸುವ ಅಗ್ಗದ ಟೆಸ್ಟರಿನಲ್ಲಿ ಎಂಟೂ ದೀಪ ಸಾಲಾಗಿ ಹತ್ತುತ್ತವೆ. ಆದರೆ ಒಂದು ಸಂಕೇತವನ್ನು ಹೊರುವ ಎರಡು ತಂತಿಗಳು ಒಂದೇ ಹುರಿಯಲ್ಲಿರದ ಕಾರಣ ಪಕ್ಕದ ಜೋಡಿಯ ಗದ್ದಲವೆಲ್ಲ ಒಳನುಗ್ಗಿ ಸಂಪರ್ಕ ಮುಗ್ಗರಿಸುತ್ತದೆ. ನಾನೂ ಹೀಗೆ ಮಾಡಿಕೊಂಡು ಮೂರು ಸಂಜೆ ರೂಟರನ್ನು ಬೈದಿದ್ದೇನೆ.

ತಂತಿಗಳನ್ನು ಬೆರಳ ನಡುವೆ ತೀಡಿ ನೆಟ್ಟಗೆ ಮಾಡಿ, ತುದಿಗಳನ್ನು ಒಂದೇ ಏಟಿಗೆ ಕತ್ತರಿಸಿ. ಕತ್ತರಿಸಿದ ಮೇಲೆ ಹುರಿ ಬಿಚ್ಚಿದ ಭಾಗ 13 ಮಿಲಿಮೀಟರ್ ಮೀರಬಾರದು. ಒಳಗೆ ತಳ್ಳಿದಾಗ ಪ್ಲಗ್ಗಿನ ಮೂತಿಯಲ್ಲಿ ಎಂಟು ತಾಮ್ರದ ಚುಕ್ಕೆ ಕಾಣಬೇಕು, ಹೊರಸಿಪ್ಪೆಯೂ ಪ್ಲಗ್ಗಿನೊಳಕ್ಕೆ ಸೇರಿರಬೇಕು. ಇಲ್ಲದಿದ್ದರೆ ಪೊರಕೆ ತಗಲಿದರೂ ಕಿತ್ತುಬರುತ್ತದೆ. ಆಮೇಲೆ ಪ್ಲಗ್ ಒತ್ತಿ ಕೂರಿಸುವ ಕ್ರಿಂಪಿಂಗ್ ಇಕ್ಕಳದಿಂದ ಗಟ್ಟಿಯಾಗಿ ಒತ್ತಿ.

ಈ ರಗಳೆ ಬೇಡವೆನ್ನುವವರು ಪ್ಲಗ್ ಹಾಕಿದ ಕೇಬಲನ್ನೇ ಕೊಳ್ಳಬಹುದು, ನಾಚಿಕೆಯೇನಿಲ್ಲ. ಗೋಡೆಯ ತೂತು ಮಾತ್ರ ಪ್ಲಗ್ ತೂರುವಷ್ಟು ದೊಡ್ಡದಿರಬೇಕು.

5. ಪರೀಕ್ಷೆ: ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ವೇಗ ನೋಡಿ. ಗಿಗಾಬಿಟ್ಟಿಗೆ, ಅಂದರೆ 1000 ಮೆಗಾಬಿಟ್ಟಿಗೆ, ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್ಟಿಗೆ ಎರಡೇ ಸಾಕು. ಆದ್ದರಿಂದ 1000 ಇರಬೇಕಾದಲ್ಲಿ 100 ಕಂಡರೆ ಮೊದಲು ಪ್ಲಗ್ಗನ್ನೇ ಅನುಮಾನಿಸಿ. ಯಾವುದೋ ತಂತಿ ಸರಿಯಾಗಿ ಕೂತಿರುವುದಿಲ್ಲ. ಒತ್ತಿದ ಪ್ಲಗ್ಗನ್ನು ರಿಪೇರಿ ಮಾಡಲಾಗದು, ಕತ್ತರಿಸಿ ಎಸೆದು ಹೊಸದು ಹಾಕಬೇಕು. ಎರಡೂ ತುದಿಯಲ್ಲಿ ಒಂದೊಂದು ಮೊಳ ಕೇಬಲ್ ಹೆಚ್ಚಿಗೆ ಬಿಟ್ಟಿರಿ.