ಬಿಸಿ ಬೇಕನ್ ಡ್ರೆಸಿಂಗ್ ಸುರಿದ ಸೊಪ್ಪು: ಪೆನ್ಸಿಲ್ವೇನಿಯಾದ ಹಳೇ ಸಲಾಡ್ ಮಾಡೋದು ಹೀಗೆ

ಊಟಕ್ಕೆ ಎಲ್ಲರೂ ಬಂದು ಕೂತ ಮೇಲೆ ಈ ಸಲಾಡ್‌ನ ಕೊನೇ ಕೆಲಸ ಶುರು ಮಾಡಬೇಕು, ಅದಕ್ಕೆ ಮೊದಲಲ್ಲ. ಬೋಗುಣಿಯಲ್ಲಿ ಹಸಿ ಸೊಪ್ಪು ಕಾದಿರುತ್ತದೆ. ಒಲೆಯ ಮೇಲೆ ಹುಳಿ, ಸಿಹಿ, ಹೊಗೆವಾಸನೆ ಸೇರಿದ ಬಿಸಿ ಗೊಜ್ಜು. ಸುರಿದು, ನಾಲ್ಕು ಸಲ ಮೇಲೆ ಕೆಳಗೆ ಮಾಡಿ, ನೇರ ತಟ್ಟೆಗೆ. ಎಲೆಯ ಅಂಚು ಬಾಡಿರಬೇಕು, ದಂಟು ಕರುಂ ಅನ್ನಬೇಕು. ಕಾಲು ಗಂಟೆ ಬಿಟ್ಟಿರೋ, ಸೊಪ್ಪು ಮುದ್ದೆಯಾಗುತ್ತದೆ, ಕೊಬ್ಬು ಚಳಿಗಾಲದ ತುಪ್ಪದ ಹಾಗೆ ಹೆಪ್ಪುಗಟ್ಟಿ ಎಲೆಗೆ ಅಂಟಿಕೊಳ್ಳುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹಳ್ಳಿಮನೆಗಳ ಅಡುಗೆ ಇದು. ನಾನು ಕಲಿತದ್ದು ಅಲ್ಲಿನ ಲ್ಯಾಂಕಾಸ್ಟರ್ ಕೌಂಟಿಯಲ್ಲಿ, ನಮ್ಮ ಬಾಡಿಗೆ ಮನೆಯ ಪಕ್ಕದ ಅಜ್ಜಿಯಿಂದ. ಅವರು ಪೆನ್ಸಿಲ್ವೇನಿಯಾ ಡಚ್ ಮನೆತನದವರು. ಡಚ್ ಅಂದ ತಕ್ಷಣ ಹಾಲೆಂಡ್ ನೆನಪಾಗುತ್ತದೆ, ಆದರೆ ಇವರಿಗೂ ಹಾಲೆಂಡಿಗೂ ಸಂಬಂಧವಿಲ್ಲ. ಇವರು ಜರ್ಮನ್ ಮಾತಿನ ಜನ. 1683ರಲ್ಲಿ ಫಿಲಡೆಲ್ಫಿಯಾ ಪಕ್ಕ ಜರ್ಮನ್‌ಟೌನ್ ಅನ್ನುವ ಊರು ಕಟ್ಟಿದರು. ಆಮೇಲೆ 18ನೇ ಶತಮಾನದಲ್ಲಿ ರೈನ್ ನದಿಯ ಪಾಲಟಿನೇಟ್ ಸೀಮೆಯಿಂದ ಸಂಸಾರ ಸಮೇತ ಸಾವಿರಾರು ಜನ ಬಂದು ನೆಲೆ ನಿಂತರು. ಕುದುರೆ ಗಾಡಿಯಲ್ಲಿ ಓಡಾಡುವ ಆಮಿಷ್ ಜನ ಇವರಲ್ಲೇ ಒಂದು ಪಂಗಡ.

ಈ ಸಲಾಡ್ ಯಾಕೆ ಹೀಗಿದೆ ಅಂತ ಅರ್ಥವಾಗಬೇಕಾದರೆ ಅವರ ಚಳಿಗಾಲ ಹೇಗಿತ್ತು ಅಂತ ಗೊತ್ತಿರಬೇಕು. ಚಳಿ ಹಿಡಿಯುವ ಹೊತ್ತಿಗೆ ಹಂದಿ ಕೊಯ್ದು, ಮಾಂಸಕ್ಕೆ ಉಪ್ಪು ಹಚ್ಚಿ, ಹೊಗೆಗೂಡಿನಲ್ಲಿ ತೂಗಿ ಹಾಕುತ್ತಿದ್ದರು. ಸೇಬಿನ ರಸ ಪೀಪಾಯಿಯಲ್ಲಿ ಹುಳಿ ಬಂದು ವಿನಿಗರ್ ಆಗುತ್ತಿತ್ತು. ಹೊರಗೆ ಹಿಮ. ತಿಂಗಳುಗಟ್ಟಲೆ ಹಸಿರು ಎಲೆ ಕಣ್ಣಿಗೆ ಬೀಳುತ್ತಿರಲಿಲ್ಲ. ಮಾರ್ಚ್ ಕೊನೆಗೆ ಹಗಲು ಉದ್ದವಾಗುತ್ತಾ ಬಂದ ಹಾಗೆ ಕೋಳಿಗಳು ಮತ್ತೆ ಮೊಟ್ಟೆ ಇಡಲು ಶುರು ಮಾಡುತ್ತಿದ್ದವು. ಅದೇ ಹೊತ್ತಿಗೆ ಹಿಮ ಕರಗಿದ ಹೊಲದ ಬದುವಿನಲ್ಲಿ ಡ್ಯಾಂಡಲಿಯನ್ ಅನ್ನುವ ಕಹಿ ಕಾಡುಸೊಪ್ಪು ಚಿಗುರುತ್ತಿತ್ತು. ಹೊಗೆಗೂಡಿನಲ್ಲಿ ಉಳಿದಿದ್ದ ಬೇಕನ್, ಪೀಪಾಯಿಯ ವಿನಿಗರ್, ಹೊಸ ಮೊಟ್ಟೆ, ಮೊದಲ ಸೊಪ್ಪು. ಎಲ್ಲವೂ ಒಟ್ಟಿಗೆ ಕೈಗೆ ಸಿಗುತ್ತಿದ್ದದ್ದು ವರ್ಷದಲ್ಲಿ ಆ ಕೆಲವೇ ವಾರ. ಯಾರೋ ಕೂತು ಯೋಚಿಸಿ ಮಾಡಿದ ಅಡುಗೆಯಲ್ಲ ಇದು, ಆ ವಾರಗಳೇ ಮಾಡಿಸಿದ ಅಡುಗೆ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಈಸ್ಟರ್ ಹಬ್ಬಕ್ಕೆ ಮೊದಲಿನ ಗುರುವಾರವನ್ನು ಅವರು ಹಸಿರು ಗುರುವಾರ ಅನ್ನುತ್ತಾರೆ. ಅವತ್ತು ಏನಾದರೂ ಹಸಿರು ತಿಂದರೆ ವರ್ಷವಿಡೀ ಆರೋಗ್ಯ ಅನ್ನುವ ನಂಬಿಕೆ. ಹೆಚ್ಚಿನ ಮನೆಗಳಲ್ಲಿ ಅದು ಡ್ಯಾಂಡಲಿಯನ್ ಸೊಪ್ಪೇ. ಕಹಿ ಎಲೆಗೆ ಸಿಹಿ ಗೊಜ್ಜು. ನಮ್ಮ ಯುಗಾದಿಯೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಬರುತ್ತೆ, ಅಲ್ವಾ? ಅಲ್ಲಿದ್ದಾಗ ಬೇವು ಸಿಗದ ಒಂದು ವರ್ಷ ಇದೇ ಎಲೆಯ ಜೊತೆ ಬೆಲ್ಲ ತಿಂದೆವು.

ಏನೇನು ಬೇಕು

ನಾಲ್ಕು ಜನಕ್ಕೆ: ಬೇಕನ್ 6 ಪಟ್ಟಿ, ಅಂದರೆ ಸುಮಾರು 170 ಗ್ರಾಂ. ತೊಳೆದು ಒಣಗಿಸಿದ ಸೊಪ್ಪು 250 ಗ್ರಾಂ. ಡ್ರೆಸಿಂಗ್‌ಗೆ ಮೊಟ್ಟೆ 1, ಸಕ್ಕರೆ 3 ದೊಡ್ಡ ಚಮಚ, ಮೈದಾ 1 ದೊಡ್ಡ ಚಮಚ, ಆ್ಯಪಲ್ ಸೈಡರ್ ವಿನಿಗರ್ 60 ಮಿ.ಲೀ., ನೀರು 120 ಮಿ.ಲೀ., ಉಪ್ಪು ಕಾಲು ಟೀ ಚಮಚ, ಸ್ವಲ್ಪ ಕಾಳುಮೆಣಸಿನ ಪುಡಿ. ಮೇಲೆ ಹಾಕಲು ಬೇಯಿಸಿದ ಮೊಟ್ಟೆ 2, ಒಂದು ಸಣ್ಣ ಈರುಳ್ಳಿ.

ಬೇಕನ್ ಅಂದರೆ ಹಂದಿಯ ಹೊಟ್ಟೆಭಾಗದ ಮಾಂಸಕ್ಕೆ ಉಪ್ಪು ಹಿಡಿಸಿ ಹೊಗೆಯಲ್ಲಿ ಇಟ್ಟದ್ದು. ಕೆಂಪು ಮಾಂಸ, ಬಿಳಿ ಕೊಬ್ಬು ಪಟ್ಟೆ ಪಟ್ಟೆಯಾಗಿ ಇರುವಂಥದ್ದನ್ನೇ ತನ್ನಿ. ಕೊಬ್ಬು ಕಮ್ಮಿ ಇರಲಿ ಅಂತ ಹುಡುಕಬೇಡಿ, ಇಲ್ಲಿ ಕೊಬ್ಬೇ ಎಣ್ಣೆ. ಟರ್ಕಿ ಕೋಳಿಯ ಬೇಕನ್‌ನಿಂದ ಕೊಬ್ಬು ಅಷ್ಟು ಇಳಿಯುವುದಿಲ್ಲ. ಹಂದಿ ತಿನ್ನದವರಿಗೆ ಇದು ಹೊಂದುವ ಅಡುಗೆಯಲ್ಲ. ಎಣ್ಣೆ ಹಾಕಿ ಮಾಡಿದರೆ ಅದು ಬೇರೆಯೇ ಸಲಾಡ್ ಆಗುತ್ತದೆ.

ಕೊಡಗಿನ ಗೆಳತಿಯೊಬ್ಬಳು ವಿನಿಗರ್ ಬದಲು ಕಾಚಂಪುಳಿ, ಅಂದರೆ ಅವರ ಕಡೆಯ ಕಪ್ಪು ಹುಳಿ, ಹಾಕಬಹುದಾ ಅಂತ ಕೇಳಿದ್ದಳು. ಪಂದಿ ಕರಿಗೆ ಅದನ್ನು ಮೀರಿಸಿದ್ದು ಇಲ್ಲ, ನಿಜ. ಆದರೆ ಇಲ್ಲಿ ಅದರ ಗಾಢ ರುಚಿ ಎಳೆ ಸೊಪ್ಪನ್ನು ಮುಚ್ಚಿಬಿಡುತ್ತದೆ, ಬಣ್ಣವೂ ಕಪ್ಪಾಗುತ್ತದೆ. ಸೇಬಿನ ವಿನಿಗರ್ ಹಗುರ ಹುಳಿ. ಅದೇ ಇರಲಿ.

ಸೊಪ್ಪು

ಅಮೆರಿಕದಲ್ಲಿ ಇರುವವರು ಡ್ಯಾಂಡಲಿಯನ್ ಕೀಳುವುದಾದರೆ ಹೂ ಬಿಡುವ ಮುಂಚೆ ಕೀಳಿ. ಹಳದಿ ಹೂ ಅರಳಿದ ಮೇಲೆ ಎಲೆಯ ಕಹಿ ತಡೆಯಲಾಗುವುದಿಲ್ಲ. ಅಜ್ಜಿ ಸಣ್ಣ ಚಾಕುವನ್ನು ನೆಲದೊಳಗೆ ಓರೆಯಾಗಿ ಇಳಿಸಿ, ಬೇರಿನ ತಲೆಯ ಹತ್ತಿರ ಕತ್ತರಿಸಿ, ಇಡೀ ಗಿಡವನ್ನು ಹೂವಿನ ಹಾಗೆ ಎತ್ತುತ್ತಿದ್ದರು. ಬುಡದಲ್ಲಿ ಬೆಳ್ಳಗೆ, ಒಂದೆರಡು ಬೆರಳಗಲದ ಭಾಗ ಇರುತ್ತದೆ. ಅದು ಎಲ್ಲಕ್ಕಿಂತ ಎಳಸು, ಬಿಸಾಡಬೇಡಿ. ಎಲೆಗಳ ಮಧ್ಯೆ ಮಣ್ಣು ಕೂತಿರುತ್ತದೆ, ಮೂರು ನೀರಿನಲ್ಲಿ ತೊಳೆಯಿರಿ.

ಕಳೆನಾಶಕ ಹೊಡೆದ ಹುಲ್ಲುಹಾಸು, ರಸ್ತೆ ಬದಿ, ನಾಯಿ ಓಡಾಡುವ ಜಾಗದ ಸೊಪ್ಪು ಬೇಡವೇ ಬೇಡ. ಗುರುತು ಗೊತ್ತಿಲ್ಲದಿದ್ದರೂ ಕೀಳಬೇಡಿ. ನಿಜವಾದ ಡ್ಯಾಂಡಲಿಯನ್‌ನ ಎಲೆ ಗರಗಸದ ಹಲ್ಲಿನ ಹಾಗೆ ಇರುತ್ತದೆ, ಬುಡದಿಂದಲೇ ಸುತ್ತ ಹರಡಿರುತ್ತದೆ, ಮುರಿದರೆ ಹಾಲು ಬರುತ್ತದೆ. ಒಂದು ಟೊಳ್ಳು ದಂಟಿಗೆ ಒಂದೇ ಹೂ, ಕವಲು ಇರುವುದಿಲ್ಲ. ಅನುಮಾನವಿದ್ದರೆ ವಸಂತದಲ್ಲಿ ಅಲ್ಲಿನ ರೈತರ ಸಂತೆಯಲ್ಲಿ ಕಟ್ಟು ಸಿಗುತ್ತದೆ, ಅದನ್ನೇ ಕೊಳ್ಳಿ.

ಬೆಂಗಳೂರಿನಲ್ಲಿ ಮಾಡುವವರಿಗೆ ಎಳೇ ಪಾಲಕ್ ಸಾಕು. ಅದೂ ಅಲ್ಲಿನವರು ಮಾಡುವ ಕ್ರಮವೇ. ನಾನು ಕಹಿಗೆ ಅಂತ ಒಂದು ಹಿಡಿ ಎಳೇ ಮೆಂತ್ಯ ಸೊಪ್ಪು ಸೇರಿಸುತ್ತೇನೆ. ಐಸ್‌ಬರ್ಗ್ ಲೆಟಿಸ್ ಬೇಡ. ಅದರಲ್ಲಿ ನೀರೇ ಜಾಸ್ತಿ, ಬಿಸಿ ತಾಗಿದರೆ ಬಿಟ್ಟುಕೊಳ್ಳುತ್ತದೆ.

ಯಾವ ಸೊಪ್ಪಾದರೂ ಎರಡು ಮಾತು. ಬಟ್ಟೆಯಲ್ಲಿ ಒತ್ತಿ ಚೆನ್ನಾಗಿ ಒಣಗಿಸಿ. ನೀರಿದ್ದರೆ ಗೊಜ್ಜು ಎಲೆಗೆ ಹಿಡಿಯದೆ ಜಾರಿ ತಳ ಸೇರುತ್ತದೆ. ಇನ್ನೊಂದು, ಅರ್ಧ ಗಂಟೆ ಮೊದಲೇ ಫ್ರಿಜ್‌ನಿಂದ ತೆಗೆದಿಡಿ. ತಣ್ಣಗಿನ ಎಲೆಗೆ ಬಿಸಿ ಕೊಬ್ಬು ತಾಗಿದರೆ ಅಲ್ಲೇ ಹೆಪ್ಪುಗಟ್ಟುತ್ತದೆ.

ಬೇಕನ್ ಕರಗಿಸುವುದು

ಬೇಕನ್ ಅನ್ನು ಅರ್ಧ ಇಂಚಿನ ತುಂಡು ಮಾಡಿ ತಣ್ಣಗಿನ ಬಾಣಲೆಗೆ ಹಾಕಿ. ಆಮೇಲೆ ಒಲೆ ಹಚ್ಚಿ, ಸಣ್ಣ ಉರಿ. ಕಾದ ಬಾಣಲೆಗೆ ಹಾಕಿದರೆ ಮಾಂಸ ಮೊದಲು ಸೀದು, ಕೊಬ್ಬು ಒಳಗೇ ಉಳಿಯುತ್ತದೆ. ನಿಧಾನವಾಗಿ ಕಾದರೆ ಕೊಬ್ಬು ಮೊದಲು ಕರಗಿ ಹೊರಗೆ ಬರುತ್ತದೆ, ಮಾಂಸ ತನ್ನದೇ ಕೊಬ್ಬಿನಲ್ಲಿ ಗರಿಯಾಗುತ್ತದೆ.

ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಮೊದಲು ಚಟಪಟ ಜೋರಾಗಿರುತ್ತದೆ, ಅದು ಮಾಂಸದ ನೀರು ಆರುವ ಸದ್ದು. ಹತ್ತು ನಿಮಿಷದ ಆಸುಪಾಸಿನಲ್ಲಿ ಸದ್ದು ತಗ್ಗುತ್ತದೆ, ತುಂಡುಗಳ ಸುತ್ತ ಬಿಳಿ ನೊರೆ ಏಳುತ್ತದೆ. ಇನ್ನೊಂದೆರಡು ನಿಮಿಷದಲ್ಲಿ ಜೇನಿನ ಬಣ್ಣ ಬರುತ್ತದೆ. ಆಗಲೇ ಜಾಲರಿ ಸೌಟಿನಲ್ಲಿ ತೆಗೆದು ಕಾಗದದ ಮೇಲೆ ಹಾಕಿ. ತೆಗೆದ ಮೇಲೂ ಅದು ಸ್ವಲ್ಪ ಗರಿಯಾಗುತ್ತದೆ. ಪ್ಯಾಕೆಟ್ ಬೇಕನ್‌ನಲ್ಲಿ ಕೆಲವು ತುಂಬಾ ನೀರು ಬಿಡುತ್ತವೆ. ಗಾಬರಿ ಬೇಡ, ನೀರು ಆರುವ ತನಕ ಕಾಯಿರಿ, ಆಮೇಲೆ ಕೊಬ್ಬು ಬಿಡುತ್ತದೆ.

ಬಾಣಲೆಯಲ್ಲಿ 3 ದೊಡ್ಡ ಚಮಚದಷ್ಟು ಕೊಬ್ಬು ಉಳಿಸಿ. ಮಿಕ್ಕದ್ದನ್ನು ಸೋಸಿ ಗಾಜಿನ ಡಬ್ಬಿಗೆ ಹಾಕಿಡಿ, ಆಲೂಗಡ್ಡೆ ಹುರಿಯಲು ಬರುತ್ತದೆ. ತಳಕ್ಕೆ ಹತ್ತಿದ ಕಂದು ಚೂರುಗಳು ಅಲ್ಲೇ ಇರಲಿ, ರುಚಿ ಇರುವುದು ಅದರಲ್ಲೇ.

ಡ್ರೆಸಿಂಗ್

ಬೇಕನ್ ಕಾಯುವಾಗಲೇ ಒಂದು ಬಟ್ಟಲಲ್ಲಿ ಸಕ್ಕರೆ, ಮೈದಾ, ಉಪ್ಪು, ಕಾಳುಮೆಣಸಿನ ಪುಡಿಯನ್ನು ಒಣದಾಗಿಯೇ ಕಲಸಿ. ಸಕ್ಕರೆ ಕಾಳಿನ ಮಧ್ಯೆ ಮೈದಾ ಬಿಡಿಬಿಡಿಯಾಗುತ್ತದೆ, ಆಮೇಲೆ ಗಂಟು ಕಟ್ಟುವುದಿಲ್ಲ. ಅದಕ್ಕೆ ಮೊಟ್ಟೆ ಒಡೆದು ಹಾಕಿ ನುಣ್ಣಗೆ ಕಲಕಿ. ಕೊನೆಗೆ ವಿನಿಗರ್, ನೀರು.

ಈಗ ಒಲೆ ಆರಿಸಿ, ಬಾಣಲೆ ಎರಡು ನಿಮಿಷ ಆರಲಿ. ಇದನ್ನು ಬಿಡಬೇಡಿ. ಕುದಿಯುವ ಕೊಬ್ಬಿಗೆ ವಿನಿಗರ್ ಬಿದ್ದರೆ ಸಿಡಿಯುತ್ತದೆ, ಘಾಟು ನೇರ ಮೂಗಿಗೆ, ಕಣ್ಣಿಗೆ ಹೊಡೆಯುತ್ತದೆ. ಬಾಣಲೆಯ ಮೇಲೆ ಬಗ್ಗಬೇಡಿ, ಕಿಟಕಿ ತೆಗೆದಿರಲಿ. ಕೊಬ್ಬು ಸ್ವಲ್ಪ ಆರಿದ ಮೇಲೆ ಒಂದು ಕೈಯಲ್ಲಿ ಮಿಶ್ರಣ ಸುರಿಯುತ್ತಾ, ಇನ್ನೊಂದು ಕೈಯಲ್ಲಿ ಕಲಕುತ್ತಾ ಹೋಗಿ. ಮತ್ತೆ ಸಣ್ಣ ಉರಿ ಹಚ್ಚಿ.

ಮುಂದಿನ ಮೂರು ನಾಲ್ಕು ನಿಮಿಷ ಅಲ್ಲಿಂದ ಅಲ್ಲಾಡಬೇಡಿ. ನಾನು ಮೊದಲ ಸಲ ಮಾಡಿದಾಗ ಉರಿ ದೊಡ್ಡದಿತ್ತು, ಫೋನ್ ಬಂತು ಅಂತ ಆ ಕಡೆ ತಿರುಗಿದೆ. ಅಷ್ಟರಲ್ಲಿ ಮೊಟ್ಟೆ ಒಡೆದು, ರವೆ ರವೆಯಾಗಿ, ಕೊಬ್ಬು ಮೇಲೆ ತೇಲುತ್ತಿತ್ತು. ಅಜ್ಜಿ ಏನೂ ಅನ್ನದೆ ಬಾಣಲೆ ಇಳಿಸಿದರು. ಎರಡು ಚಮಚ ತಣ್ಣೀರು ಹಾಕಿ ಜೋರಾಗಿ ಕಲಕಿ, ಚಹಾ ಜರಡಿಯಲ್ಲಿ ಸೋಸಿ, ಚಮಚ ನನ್ನ ಕೈಗೆ ಕೊಟ್ಟರು. ಮೊದಲಿನಷ್ಟು ನುಣುಪು ಬರಲಿಲ್ಲ, ಆದರೆ ಊಟಕ್ಕೆ ಆಯಿತು. ನಿಮಗೂ ಹಾಗಾದರೆ ಅದನ್ನೇ ಮಾಡಿ.

ಮಜ್ಜಿಗೆ ಹುಳಿ ಮಾಡಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ನೆನೆಸಿದ ಕಡಲೆಬೇಳೆ ರುಬ್ಬಿ ಹಾಕುವುದು ಯಾಕೆ? ಮಜ್ಜಿಗೆ ಒಡೆಯದಿರಲಿ ಅಂತ. ಇಲ್ಲಿ ಮೈದಾ ಆ ಕೆಲಸ ಮಾಡುತ್ತದೆ. ಹಿಟ್ಟು ನೀರು ಹೀರಿ ಉಬ್ಬಿ ಮೊಟ್ಟೆ ತಟ್ಟನೆ ಗಟ್ಟಿಯಾಗದ ಹಾಗೆ ತಡೆಯುತ್ತದೆ. ಹಾಗಂತ ಕೊತಕೊತ ಕುದಿಸಿದರೆ ಹಿಟ್ಟೂ ಕಾಪಾಡಲಾರದು. ಅಂಚಿನಲ್ಲಿ ಒಂದೊಂದೇ ಗುಳ್ಳೆ ಬಂದರೆ ಸಾಕು, ಮೈದಾದ ಹಸಿವಾಸನೆ ಹೋಗಿರುತ್ತದೆ. ಚಮಚದ ಬೆನ್ನಿಗೆ ಹಿಡಿದ ಗೊಜ್ಜಿನ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಕೂಡಿಕೊಳ್ಳದೆ ನಿಂತರೆ ಹದ ಬಂತು. ತುಂಬಾ ಗಟ್ಟಿ ಅನ್ನಿಸಿದರೆ ಒಂದು ಚಮಚ ಬಿಸಿನೀರು.

ಈಗ ರುಚಿ ನೋಡಿ. ಬರೀ ಗೊಜ್ಜು ನೆಕ್ಕಿದಾಗ ಹುಳಿ, ಸಿಹಿ ಎರಡೂ ಒಂದು ಕೈ ಜಾಸ್ತಿ ಅನ್ನಿಸಬೇಕು. ಸೊಪ್ಪಿಗೆ ಬಿದ್ದಾಗ ತಗ್ಗುತ್ತದೆ. ಪಾಲಕ್ ಆದರೆ ಸಕ್ಕರೆ 2 ಚಮಚಕ್ಕೆ ಇಳಿಸಿ, ಕಹಿ ಇಲ್ಲದ ಸೊಪ್ಪಿಗೆ 3 ಚಮಚ ಅತಿಯಾಗುತ್ತದೆ.

ಪಳಗಿದ ಕಬ್ಬಿಣದ ಬಾಣಲೆಯಲ್ಲಿ ಮಾಡಿದ್ದರೆ ಡ್ರೆಸಿಂಗ್ ಅದರಲ್ಲೇ ಬಿಡಬೇಡಿ. ವಿನಿಗರ್ ಕೂತಷ್ಟೂ ಪಳಗಿದ ಪದರ ಹಾಳು. ಊಟ ಆದ ಕೂಡಲೇ ತೊಳೆದು ಒರೆಸಿ, ಒಂದು ತೊಟ್ಟು ಎಣ್ಣೆ ಸವರಿಡಿ.

ಸುರಿಯುವುದು

ಸೊಪ್ಪನ್ನು ದೊಡ್ಡ ಬೋಗುಣಿಯಲ್ಲಿ ಹಾಕಿ, ಮೇಲೆ ತೆಳ್ಳಗೆ ಹೆಚ್ಚಿದ ಈರುಳ್ಳಿ. ಡ್ರೆಸಿಂಗ್ ಬಿಸಿಯಾಗಿರಲಿ, ಕುದಿಯುತ್ತಿರುವುದು ಬೇಡ. ಮೊದಲು ಮುಕ್ಕಾಲು ಭಾಗ ಸುರಿದು ಎರಡು ಸೌಟಿನಿಂದ ತಳದಿಂದ ಮೇಲಕ್ಕೆ ಎತ್ತಿ ತಿರುವಿ. ಎಲೆ ಒಂದು ಕ್ಷಣ ಹೊಳೆಯುತ್ತದೆ, ಬಣ್ಣ ಕಡುಹಸಿರಾಗುತ್ತದೆ, ಬೋಗುಣಿಯ ರಾಶಿ ಕುಗ್ಗಲು ಶುರುವಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಬೇಕನ್ ತುಂಡು, ಬೇಯಿಸಿದ ಮೊಟ್ಟೆಯ ಹೋಳು ಮೇಲೆ ಹಾಕಿ ಬಡಿಸಿ. ಬೇಕನ್ ಮೊದಲೇ ಬೆರೆಸಿದರೆ ಮೆತ್ತಗಾಗುತ್ತದೆ.

ಇಷ್ಟೆಲ್ಲ ಕೆಲಸ ಬೇಡ ಅನ್ನುವವರಿಗೆ ಅಪ್ಪಲೇಚಿಯಾ ಬೆಟ್ಟಸಾಲಿನ ಜನ ಮಾಡುವ ಕ್ರಮ ಇದೆ. ಅವರು ಇದನ್ನು ಕಿಲ್ಟ್ ಲೆಟಿಸ್ ಅನ್ನುತ್ತಾರೆ, ಬಿಸಿ ಕೊಬ್ಬಿಗೆ ಸತ್ತುಬಿದ್ದ ಲೆಟಿಸ್ ಅಂತ ಅರ್ಥ. ಮೊಟ್ಟೆ, ಮೈದಾ ಇಲ್ಲ. ತೋಟದ ಎಳೆ ಲೆಟಿಸ್, ಹಸಿರು ಗರಿಯ ಸಮೇತ ಹೆಚ್ಚಿದ ಈರುಳ್ಳಿ ಹಾಕಿ, ಮೇಲೆ ಉಪ್ಪು ಉದುರಿಸುತ್ತಾರೆ. ಕೊಬ್ಬಿಗೆ ಸ್ವಲ್ಪ ವಿನಿಗರ್, ಚಿಟಿಕೆ ಸಕ್ಕರೆ ಸೇರಿಸಿ ಬಿಸಿಬಿಸಿ ಸುರಿದರೆ ಮುಗಿಯಿತು. ಜೊತೆಗೆ ಮುಸುಕಿನ ಜೋಳದ ಬ್ರೆಡ್, ಬೇಯಿಸಿದ ಬೀನ್ಸ್ ಕಾಳು. ಒಗ್ಗರಣೆಗೆ ಒಗ್ಗಿದ ಕೈಗೆ ಇದು ಇನ್ನೂ ಸುಲಭ.

ಪೆನ್ಸಿಲ್ವೇನಿಯಾದವರು ಬಿಸಿ ಆಲೂಗಡ್ಡೆ ಜೊತೆ ತಿನ್ನುತ್ತಾರೆ, ನನಗೂ ಅದೇ ಇಷ್ಟ. ಬೆರೆಸಿದ ಸಲಾಡ್ ಮಾರನೇ ದಿನಕ್ಕೆ ಇಡಲು ಬರುವುದಿಲ್ಲ. ಆದರೆ ಬೆರೆಸದೆ ಉಳಿಸಿದ ಆ ಕಾಲು ಭಾಗ ಡ್ರೆಸಿಂಗ್ ಫ್ರಿಜ್‌ನಲ್ಲಿ ಎರಡು ದಿನ ಇರುತ್ತದೆ. ಒಂದು ಚಮಚ ನೀರು ಹಾಕಿ, ಸಣ್ಣ ಉರಿಯಲ್ಲಿ ಕಲಕುತ್ತಾ ಬಿಸಿ ಮಾಡಿ, ಆಗಷ್ಟೇ ಬೇಯಿಸಿ ಸಿಪ್ಪೆ ಸುಲಿದ ಆಲೂಗಡ್ಡೆ ಹೋಳುಗಳ ಮೇಲೆ ಸುರಿಯಿರಿ.